ಒಳಗಿನಿಂದ ಹುಟ್ಟುವ ಕಾವು

ಒಲೆಯ ಶಾಖ ಹೊರಮೈಯಿಂದ ನಡುವಿನವರೆಗೆ ನಿಧಾನವಾಗಿ ಸಾಗುತ್ತದೆ. ಮೈಕ್ರೋವೇವ್ ತರಂಗಗಳು ಹಾಗಲ್ಲ. ಅವು ಪದಾರ್ಥದೊಳಗೆ ಹೊಕ್ಕು, ಅಲ್ಲಿರುವ ನೀರಿನ ಅಣುಗಳನ್ನು ಅಲುಗಿಸಿ, ಇದ್ದಲ್ಲೇ ಕಾವು ಹುಟ್ಟಿಸುತ್ತವೆ. ಈ ವಿದ್ಯೆಯ ಬೇರು ರೇಡಾರ್‌ನಲ್ಲಿದೆ. 1940ರ ಫೆಬ್ರವರಿ 21ರಂದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ರ್ಯಾಂಡಲ್ ಮತ್ತು ಹ್ಯಾರಿ ಬೂಟ್ ಅವರು ರೇಡಾರ್‌ಗಾಗಿ ರೂಪಿಸಿದ, ಮೈಕ್ರೋವೇವ್ ಹೊಮ್ಮಿಸುವ ಕ್ಯಾವಿಟಿ ಮ್ಯಾಗ್ನೆಟ್ರಾನ್ ಎಂಬ ಸಾಧನ ಮೊದಲ ಸಲ ಕೆಲಸ ಮಾಡಿತು. ಆರು ರಂಧ್ರ ಕೊರೆದ ಆ ತಾಮ್ರದ ಗಟ್ಟಿ ಸುಮಾರು 10 ಸೆಂ.ಮೀ. ತರಂಗಾಂತರದಲ್ಲಿ ನೂರಾರು ವ್ಯಾಟ್ ಶಕ್ತಿ ಹೊಮ್ಮಿಸಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಅದೇ ಶಕ್ತಿಯಿಂದ ಆಹಾರ ಬೇಯಿಸಬಹುದೆಂದು ಕಂಡುಕೊಂಡು, 1945ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು.

1960ರ ದಶಕದಲ್ಲಿ ಕಾರ್ಖಾನೆಗಳು ಇದನ್ನು ಕೈಗೆತ್ತಿಕೊಂಡವು. ತಂಪಿನಲ್ಲಿಟ್ಟ ಆಲೂಗಡ್ಡೆಯಲ್ಲಿ ಸಕ್ಕರೆ ಅಂಶ ಹೆಚ್ಚಿ, ಪೂರ್ತಿ ಕರಿದರೆ ಚಿಪ್ಸ್ ಕಪ್ಪಾಗುತ್ತಿತ್ತು. ಆದ್ದರಿಂದ ಅರ್ಧಕ್ಕೇ ಎಣ್ಣೆಯಿಂದ ತೆಗೆದು, ಉಳಿದ ತೇವವನ್ನು ಮೈಕ್ರೋವೇವ್‌ನಲ್ಲಿ ಆರಿಸಲಾಯಿತು. ಆಲೂಗಡ್ಡೆ ದಾಸ್ತಾನಿನ ಕ್ರಮ ಸುಧಾರಿಸಿದ ಮೇಲೆ ಈ ಬಳಕೆ ಹಿಂದೆ ಸರಿಯಿತು. ಗಟ್ಟಿಯಾಗಿ ಹೆಪ್ಪುಗಟ್ಟಿದ ಮಾಂಸವನ್ನು ಕತ್ತರಿಸುವಷ್ಟು ಸಡಿಲಗೊಳಿಸುವ ಬಳಕೆ ಮಾತ್ರ ಗಟ್ಟಿಯಾಗಿ ನಿಂತಿತು. ಅದರಲ್ಲೂ ಒಂದು ಎಚ್ಚರ ಬೇಕು: ಮಂಜುಗಡ್ಡೆ ತರಂಗಗಳನ್ನು ಅಷ್ಟಾಗಿ ಹೀರುವುದಿಲ್ಲ, ನೀರು ಚೆನ್ನಾಗಿ ಹೀರುತ್ತದೆ. ಒಂದು ಮೂಲೆ ಕರಗಿತೆಂದರೆ ಕಾವೆಲ್ಲ ಅಲ್ಲಿಗೇ ಹರಿದು, ಪಕ್ಕದ ಭಾಗ ಹೆಪ್ಪಾಗಿರುವಾಗಲೇ ಆ ಮೂಲೆ ಬೇಯತೊಡಗುತ್ತದೆ. ಹಾಗಾಗಿ ಮಾಂಸವನ್ನು ಸೊನ್ನೆ ಡಿಗ್ರಿಗಿಂತ ಸ್ವಲ್ಪ ಕೆಳಗೇ ನಿಲ್ಲಿಸುತ್ತಾರೆ.

ಕಾವು ಹುಟ್ಟಿಸುವುದು ಸುಲಭ, ಸಮನಾಗಿ ಹಂಚುವುದು ಕಷ್ಟ. ಈ ಕಷ್ಟವನ್ನು ಹೆಗಲಿಗೆ ಹಾಕಿಕೊಂಡವರಲ್ಲಿ ವಿಶ್ವವಿದ್ಯಾಲಯಗಳ ಪಾತ್ರ ದೊಡ್ಡದು. ಯಾವ ಪದಾರ್ಥ ಎಷ್ಟು ಶಕ್ತಿ ಹೀರುತ್ತದೆ ಎಂಬ ಅಳತೆಗಳ ಕೋಷ್ಟಕಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಆರ್ಥರ್ ವಾನ್ ಹಿಪ್ಪೆಲ್ 1954ರಲ್ಲಿ ಪುಸ್ತಕವಾಗಿ ತಂದರು. 1966ರಲ್ಲಿ ಕೆನಡಾದಲ್ಲಿ ಇಂಟರ್‌ನ್ಯಾಷನಲ್ ಮೈಕ್ರೋವೇವ್ ಪವರ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಮೆಟಾಕ್ಸಾಸ್ ಮತ್ತು ಮೆರೆಡಿತ್ ಬರೆದ ‘ಇಂಡಸ್ಟ್ರಿಯಲ್ ಮೈಕ್ರೋವೇವ್ ಹೀಟಿಂಗ್’ 1983ರಲ್ಲಿ ಬಂದು, ಈ ಕ್ಷೇತ್ರದ ಆಧಾರಗ್ರಂಥವಾಯಿತು.

ಅತಿ ಕಠಿಣ ಪರೀಕ್ಷೆ ಎದುರಾದದ್ದು ಆಹಾರದ ಕ್ರಿಮಿನಾಶದಲ್ಲಿ. ಮುಚ್ಚಿದ ಪೊಟ್ಟಣದಲ್ಲಿ ಎಲ್ಲೋ ಒಂದು ತುಣುಕು ತಣ್ಣಗೆ ಉಳಿದರೂ ಬಾಟುಲಿಸಂ ಎಂಬ ಮಾರಕ ಆಹಾರವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಬದುಕಿಬಿಡುತ್ತವೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೂಮಿಂಗ್ ಟ್ಯಾಂಗ್ ಅವರ ತಂಡ ಈ ತಣ್ಣನೆಯ ಜಾಗದ ಬೆನ್ನುಹತ್ತಿತು. ಮನೆಯ ಓವನ್‌ನ 2450 ಮೆಗಾಹರ್ಟ್ಸ್ ಬಿಟ್ಟು, ಹೆಚ್ಚು ಆಳಕ್ಕೆ ಇಳಿಯುವ 915 ಮೆಗಾಹರ್ಟ್ಸ್ ಆರಿಸಿಕೊಂಡಿತು. ಅಂಚುಗಳು ಅತಿಯಾಗಿ ಕಾಯದಂತೆ ಪೊಟ್ಟಣಗಳನ್ನು ಒತ್ತಡದ ಬಿಸಿನೀರಿನಲ್ಲಿ ಮುಳುಗಿಸಿಯೇ ತರಂಗಗಳ ಕೆಳಗೆ ಸಾಗಿಸಿತು.

ಪೊಟ್ಟಣದೊಳಗೆ ಕಾವು ಎಲ್ಲಿ ತಲುಪಿಲ್ಲ ಎಂಬುದನ್ನು ನೋಡಲು ಬಳಸಿದ ಉಪಾಯ ಅಡುಗೆಮನೆಯವರಿಗೂ ಅರ್ಥವಾಗುವಂಥದು. ಹಾಲೊಡಕಿನ ಪ್ರೋಟೀನಿನ ಗಟ್ಟಿ ಮುದ್ದೆಗೆ ರೈಬೋಸ್ ಎಂಬ ಸಕ್ಕರೆ ಬೆರೆಸಿ ಬಿಸಿಮಾಡಿದರೆ, ರೊಟ್ಟಿಯ ಮೈ ಕೆಂಪಗಾಗುವ ಹಾಗೆಯೇ ಅದೂ ಕಂದುಬಣ್ಣಕ್ಕೆ ತಿರುಗುತ್ತದೆ. ಬಿಸಿಮಾಡಿದ ಮುದ್ದೆಯನ್ನು ಪದರವಾಗಿ ಕೊಯ್ದು, ಬಣ್ಣವನ್ನು ಕಂಪ್ಯೂಟರ್‌ನಿಂದ ಅಳೆದರೆ ಕಾವಿನ ನಕ್ಷೆಯೇ ಸಿಗುತ್ತದೆ. ಬಿಳಿಚಿಕೊಂಡ ಜಾಗವೇ ತಣ್ಣನೆಯ ಜಾಗ. ತಾಪಮಾಪಕವನ್ನು ಎಲ್ಲಿ ನೆಡಬೇಕು, ಎಷ್ಟು ಹೊತ್ತು ಬಿಸಿಮಾಡಬೇಕು ಎಂಬುದು ಇದರಿಂದ ನಿಶ್ಚಯವಾಯಿತು.

2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ವಿಧಾನದಲ್ಲಿ ಸಂಸ್ಕರಿಸಿದ ಆಲೂಗಡ್ಡೆ ಮುದ್ದೆಯನ್ನು ಒಪ್ಪಿತು. ಮರುವರ್ಷ, ಸಾಸ್‌ನಲ್ಲಿ ಮುಳುಗಿಸಿದ ಸಾಲ್ಮನ್ ಮೀನಿಗೂ ಒಪ್ಪಿಗೆ ಸಿಕ್ಕಿತು. ರಿಟಾರ್ಟ್ ಎಂಬ ಉಗಿಯ ಒತ್ತಡಪಾತ್ರೆಯಲ್ಲಿ ಬಹುಹೊತ್ತು ಬೆಂದು ರುಚಿ ಕಳೆದುಕೊಳ್ಳುತ್ತಿದ್ದ ಊಟ ಈಗ ಕೆಲವೇ ನಿಮಿಷ ತರಂಗಗಳ ಕೆಳಗೆ ಹಾದು ಸುರಕ್ಷಿತವಾಗುತ್ತದೆ. ಮುಂದೆ ಈ ತಂತ್ರಜ್ಞಾನ ಭಾರತಕ್ಕೂ ಬಂದು, ಆಂಧ್ರದ ಶ್ರೀಸಿಟಿಯಲ್ಲಿ ಟಾಟಾ ಸ್ಮಾರ್ಟ್‌ಫುಡ್ಜ್ ಕಾರ್ಖಾನೆಯಲ್ಲಿ ಸಿದ್ಧ ಊಟದ ತಯಾರಿಕೆಗೆ ಬಳಕೆಯಾಯಿತು.