ನಾಣೇಘಾಟಿನ ಹೆಬ್ಬೆರಳು

ಎಂಟನೇ ತರಗತಿಯಲ್ಲಿ ಶಾತವಾಹನರ ಪಾಠ ಮುಗಿಸಿ ನಮ್ಮ ಸಮಾಜದ ಮೇಷ್ಟ್ರು ಒಂದು ಪ್ರಶ್ನೆ ಕೇಳಿದ್ದರು: “ರಸ್ತೆ ಇಲ್ಲ, ಮೈಲಿಗಲ್ಲೂ ಇಲ್ಲ. ಎತ್ತಿನ ಮೇಲೆ ಸರಕು ಹೇರಿಕೊಂಡು ಹೊರಟವನು ದಾರಿ ಹೇಗೆ ಹಿಡಿಯುತ್ತಿದ್ದ?” ‘ವ್ಯಾಪಾರಕ್ಕೆ ಪ್ರೋತ್ಸಾಹ ನೀಡಿದರು’ ಎಂಬ ಎರಡು ಅಂಕದ ಉತ್ತರ ನಮಗೆ ಬಾಯಿಪಾಠವಾಗಿತ್ತು. ಇದಕ್ಕೆ ಮಾತ್ರ ಯಾರೂ ಕೈ ಎತ್ತಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು.

ಬಿ.ಇ. ಮುಗಿಸಿ ಪುಣೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾಣೇಘಾಟ್ ನೋಡಲು ಹೋದೆ. ಕಲ್ಯಾಣ ಬಂದರಿನಿಂದ ಜುನ್ನರ್ ಮೂಲಕ ಶಾತವಾಹನರ ರಾಜಧಾನಿ ಪ್ರತಿಷ್ಠಾನಕ್ಕೆ, ಅಂದರೆ ಈಗಿನ ಪೈಠಣಕ್ಕೆ, ಹೋಗುತ್ತಿದ್ದ ಹಾದಿ ಸಹ್ಯಾದ್ರಿಯನ್ನು ಏರುತ್ತಿದ್ದುದು ಇಲ್ಲಿಯೇ. ಮೊದಲ ಸಲ ಹೋದದ್ದು ಜುಲೈನಲ್ಲಿ, ಕೆಳಗಿನ ಕೊಂಕಣದ ಕಡೆಯಿಂದ. ಮೊಬೈಲಿನಲ್ಲಿ ಮ್ಯಾಪ್ ಇತ್ತು, ಸಿಗ್ನಲ್ ಇರಲಿಲ್ಲ. ಎದುರಿಗೆ ಬರೀ ಮೋಡ. ಮೂರು ಗಂಟೆ ಕಾಡಿನಲ್ಲಿ ಸುತ್ತಿ, ಮೈಯೆಲ್ಲ ಕೆಸರು ಮಾಡಿಕೊಂಡು ಹಿಂದಿರುಗಿದೆವು. ಐದೂ ಜನ ಇಂಜಿನಿಯರುಗಳು!

ಡಿಸೆಂಬರಿನಲ್ಲಿ ಮತ್ತೆ ಹೋದಾಗ, ಟೀ ಅಂಗಡಿಯ ಅಜ್ಜ ನಮ್ಮ ಮ್ಯಾಪಿನ ಕಡೆ ತಿರುಗಿಯೂ ನೋಡಲಿಲ್ಲ. ತಮ್ಮ ಹೆಬ್ಬೆರಳನ್ನೆತ್ತಿ ಬೆಟ್ಟದ ಕಡೆ ತೋರಿಸಿದರು. ಗೋಡೆಯಂತೆ ನಿಂತ ಸಾಲಿನಲ್ಲಿ ಒಂದು ಬಂಡೆ ಥೇಟ್ ಹೆಬ್ಬೆರಳಿನಂತೆ ಎದ್ದು ನಿಂತಿತ್ತು. ಮರಾಠಿಯಲ್ಲಿ ‘ನಾನಾಚಾ ಅಂಗಠಾ’, ನಾನಾನ ಹೆಬ್ಬೆರಳು ಎನ್ನುತ್ತಾರೆ. ಘಾಟಿಯ ಕಂಡಿ ಅದರ ಪಕ್ಕದಲ್ಲೇ ಇದೆ. ದೂರದಿಂದ ಕಂಡಿ ಗೊತ್ತಾಗುವುದಿಲ್ಲ, ಬೆರಳು ಗೊತ್ತಾಗುತ್ತದೆ. ಮೇಲಿನಿಂದ ನೋಡಿದರೆ ಬೆರಳೂ ಮಾಯ, ಬರೀ ದಿಬ್ಬ. ಜುನ್ನರ್ ಕಡೆಯಿಂದ ಬರುವವರಿಗೆ ಪಕ್ಕದ ಜೀವಧನ ಬೆಟ್ಟವೇ ಗುರುತಾಗಿದ್ದಿರಬೇಕು ಎಂದು ನನ್ನ ಊಹೆ.

ಘಾಟಿಯ ನೆತ್ತಿಯ ಗುಹೆಯಲ್ಲಿ ಕ್ರಿ.ಪೂ. 1ನೇ ಶತಮಾನದ್ದೆನ್ನುವ, ರಾಣಿ ನಾಗನಿಕೆಯ ಬ್ರಾಹ್ಮಿ ಶಾಸನವಿದೆ. ಯಜ್ಞಗಳಲ್ಲಿ ದಾನ ಕೊಟ್ಟ ಹಸು, ಕುದುರೆ, ನಾಣ್ಯಗಳ ಲೆಕ್ಕ ಅಂಕಿಗಳಲ್ಲೇ ಇದೆ. ಸೊನ್ನೆಯ ಚಿಹ್ನೆ ಇಲ್ಲದೆ ಸಾವಿರಗಟ್ಟಲೆ ಬರೆದಿದ್ದಾರೆ! ನಾನು ಅಲ್ಲಿಂದ ಏಳಲು ತಡವಾಯಿತು. ರಾಜಮನೆತನದವರ ಶಿಲ್ಪಗಳೂ ಇದ್ದವು. ಈಗ ಉಳಿದಿರುವುದು ಮೇಲೆ ಹೆಸರು, ಕೆಳಗೆ ಪಾದದ ಗುರುತು. ಹೊರಗಿನ ದೊಡ್ಡ ಕಲ್ಲಿನ ಹಂಡೆಯಲ್ಲಿ ಸುಂಕದ ನಾಣ್ಯ ಹಾಕಿಸಿಕೊಳ್ಳುತ್ತಿದ್ದರೆಂದು ಜನ ಹೇಳುತ್ತಾರೆ.

ಮೇಷ್ಟ್ರ ಪ್ರಶ್ನೆ ಎಷ್ಟು ಸರಿಯಾಗಿತ್ತೆಂದು ಆಮೇಲೆ ತಿಳಿಯಿತು. ಕ್ರಿ.ಶ. 1ನೇ ಶತಮಾನದ ಗ್ರೀಕ್ ಗ್ರಂಥ ‘ಪೆರಿಪ್ಲಸ್’, ಪೈಠಣವು ಭರೂಚ್ ಬಂದರಿನಿಂದ 20 ದಿನಗಳ ಪ್ರಯಾಣ ಎನ್ನುತ್ತದೆ. ಸರಕಿನ ಬಂಡಿಗಳು ದಾರಿಯೇ ಇಲ್ಲದ ಸೀಮೆಗಳನ್ನು ದಾಟಿ ಬರುತ್ತಿದ್ದವಂತೆ.

ಹಾಗೆ ನೋಡಿದರೆ ಉತ್ತರ ನಮ್ಮ ತರಗತಿಯ ಕಿಟಕಿಯಾಚೆಯೇ ಇತ್ತು. ಹೊಲಗಳ ನಡುವೆ ನಡೆದು ಬರುತ್ತಿದ್ದ ನಾವೆಲ್ಲ ಶಾಲೆಯ ಹಿಂದಿನ ಗುಡ್ಡದ ‘ಮುದ್ದೆಕಲ್ಲು’ ನೋಡಿಕೊಂಡೇ ಬರುತ್ತಿದ್ದೆವಲ್ಲ? ಕಳೆದ ದೀಪಾವಳಿಗೆ ಬಂದಾಗ ಅದರ ಅರ್ಧ ಜಲ್ಲಿಯಾಗಿ ಹೋಗಿತ್ತು. ಇಡೀ ಮುದ್ದೆಕಲ್ಲು ಕಾಣುವ ಹಳೆಯ ಗ್ರೂಪ್ ಫೋಟೋ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಶಾಲೆಗೆ ಒಂದು ಪ್ರತಿ ಕೊಡಿ.