ಬೆನ್ನ ಹಿಂದಿನ ನಾಲ್ಕು ಹೋಸ್‌ಗಳ ಕಥೆ

ನಿಮ್ಮಲ್ಲಿ ಕೆಲವರಾದರೂ ಮುರುಡೇಶ್ವರದಿಂದ ಬೋಟ್ ಹತ್ತಿ ನೇತ್ರಾಣಿಗೆ ಹೋಗಿ ಸ್ಕೂಬಾ ಡೈವಿಂಗ್ ಮಾಡಿರ್ತೀರಿ. ಮುಂಬೈ, ಪುಣೆಯವರು ತಾರ್ಕರ್ಲಿಗೆ ಹೋಗಿರಬಹುದು, ಚೆನ್ನೈನವರು ಪುದುಚೇರಿಗೆ. ಬೆನ್ನಿಗೆ ಕಟ್ಟುವ ಸಿಲಿಂಡರ್‌ನ ತಲೆಯ ಮೇಲೆ ಒಂದು ಲೋಹದ ಗುಂಡು ಇರುತ್ತೆ, ನೆನಪಿದೆಯಾ? ಅದರಿಂದ ನಾಲ್ಕು ಹೋಸ್ ಹೊರಡುತ್ತವೆ. ಒಂದು ಬಾಯಿಗೆ. ಒಂದು ಜಾಕೆಟ್‌ಗೆ ಗಾಳಿ ತುಂಬೋಕೆ. ಒಂದು, ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಮೀಟರ್‌ಗೆ. ನಾಲ್ಕನೆಯದು ಹಳದಿ ಬಣ್ಣದ್ದು, ಎದೆ ಹತ್ತಿರ ಸುಮ್ಮನೆ ಸಿಕ್ಕಿಸಿರುತ್ತಾರೆ.

ಯಾವುದು ಬಲಕ್ಕೆ, ಯಾವುದು ಎಡಕ್ಕೆ, ಯಾವುದು ಎಷ್ಟು ಉದ್ದ? ನೋಡೋಕೆ ಇದು ಬರೀ ಪ್ಲಂಬಿಂಗ್. ಆದರೆ ಇದರ ಇತಿಹಾಸ ಓದ್ತಾ ಹೋದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತೆ: ನೀರಿನಡಿಯಲ್ಲಿ ಈ ಗಾಳಿ ಯಾರಿಗೆ? ನನಗೊಬ್ಬನಿಗಾ, ಇಬ್ಬರಿಗಾ?

ಮಾರ್ನ್ ನದಿಯ ಪಾಠ

1942ರ ಡಿಸೆಂಬರ್. ಪ್ಯಾರಿಸ್ ಜರ್ಮನ್ನರ ಹಿಡಿತದಲ್ಲಿತ್ತು. ಫ್ರೆಂಚ್ ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೋ ಅಲ್ಲಿ ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್ ಅವರನ್ನು ಭೇಟಿಯಾದರು. ಪೆಟ್ರೋಲ್‌ಗೆ ಬರಗಾಲ, ಗಾನ್ಯಾನ್ ಕಾರುಗಳನ್ನು ಗ್ಯಾಸ್‌ನಿಂದ ಓಡಿಸುವ ಒಂದು ವಾಲ್ವ್ ಮಾಡಿಟ್ಟಿದ್ದರು. ಎಂಜಿನ್ ಎಳೆದಷ್ಟೇ ಗ್ಯಾಸ್ ಬಿಡುವ ವಾಲ್ವ್. ಎಂಜಿನ್ ಜಾಗದಲ್ಲಿ ಮನುಷ್ಯನ ಶ್ವಾಸಕೋಶ ಇಟ್ಟರೆ ಹೇಗೆ?

1943ರ ಜನವರಿಯಲ್ಲಿ ಪ್ಯಾರಿಸ್ ಹತ್ತಿರದ ಮಾರ್ನ್ ನದಿಯಲ್ಲಿ ಪರೀಕ್ಷೆ ಮಾಡಿದರು. ಅಡ್ಡ ಮಲಗಿ ಈಜಿದಾಗ ಉಸಿರಾಟ ಸಲೀಸು. ನೆಟ್ಟಗೆ ನಿಂತರೆ ಗಾಳಿ ತಾನೇ ತಾನಾಗಿ ಭುಸುಗುಟ್ಟಿ ಸೋರಿ ಹೋಗ್ತಿತ್ತು. ತಲೆಕೆಳಗಾದರೆ ಉಸಿರಾಡೋದೇ ಕಷ್ಟ!

ಕಾರಣ ಸರಳ. ಗಾಳಿ ಕೊಡುವ ವಾಲ್ವ್ ಬೆನ್ನ ಮೇಲೆ, ಉಸಿರು ಹೊರಬಿಡುವ ರಂಧ್ರ ಬಾಯಿ ಹತ್ತಿರ. ನಿಂತಾಗ ಆ ರಂಧ್ರ ವಾಲ್ವ್‌ಗಿಂತ ಸುಮಾರು ಅರ್ಧ ಅಡಿ ಮೇಲೆ ಬರ್ತಿತ್ತು. ನೀರಿನಲ್ಲಿ ಪ್ರತಿ 10 ಮೀಟರ್‌ಗೆ 1 ಬಾರ್ ಒತ್ತಡ ಹೆಚ್ಚುತ್ತೆ. ಆ ಲೆಕ್ಕದಲ್ಲಿ ಅರ್ಧ ಅಡಿ ಅಂದ್ರೆ 0.015 ಬಾರ್, ಏನೇನೂ ಅಲ್ಲ. ಆದರೆ ಮೃದುವಾದ ಉಸಿರಿಗೂ ತೆರೆದುಕೊಳ್ಳಬೇಕಾದ ವಾಲ್ವ್‌ಗೆ ಅಷ್ಟೇ ಸಾಕು. ಅವರು ಮಾಡಿದ ರಿಪೇರಿ ಏನು ಗೊತ್ತಾ? ಹೊರಬಿಡುವ ಉಸಿರನ್ನು ಇನ್ನೊಂದು ಹೋಸ್‌ನಲ್ಲಿ ಬೆನ್ನಿಗೇ ವಾಪಸ್ ತಂದು, ವಾಲ್ವ್‌ನ ಪಕ್ಕದಲ್ಲೇ ಹೊರಬಿಟ್ಟರು. ಎರಡೂ ಒಂದೇ ಮಟ್ಟದಲ್ಲಿ. ಸಮಸ್ಯೆ ಮುಗೀತು. ಅದೇ ವರ್ಷ ಜೂನ್‌ನಲ್ಲಿ ದಕ್ಷಿಣ ಫ್ರಾನ್ಸ್‌ನ ಬಾಂದೋಲ್ ಹತ್ತಿರ ಕುಸ್ತೋ ಸಮುದ್ರಕ್ಕಿಳಿದರು.

ಹಳೇ ಫೋಟೋಗಳಲ್ಲಿ ಕತ್ತಿನ ಎರಡೂ ಕಡೆಯಿಂದ ಬರುವ ಆ ದಪ್ಪ, ಸುಕ್ಕುಸುಕ್ಕಾದ ಜೋಡಿ ಹೋಸ್ ನೋಡಿರ್ತೀರಲ್ಲ, ಅದು ಹುಟ್ಟಿದ್ದು ಹೀಗೆ. ಎರಡನೆಯದು ಇದ್ದದ್ದು ಗಾಳಿ ಒಯ್ಯೋಕೆ ಅನ್ನೋದಕ್ಕಿಂತ ಒತ್ತಡ ಸರಿದೂಗಿಸೋಕೆ.

ಮೆಲ್ಬರ್ನ್‌ನ ಒಂಟಿ ಹೋಸ್

ಆದರೂ ವಾಲ್ವ್ ಬೆನ್ನ ಹಿಂದೆಯೇ ಉಳಿಯಿತು. ಬೋರಲಾಗಿ ಈಜುವಾಗ ಅದು ಶ್ವಾಸಕೋಶಕ್ಕಿಂತ ಮೇಲಿರುತ್ತೆ, ಹಾಗಾಗಿ ಪ್ರತಿ ಉಸಿರನ್ನೂ ಸ್ವಲ್ಪ ಜೋರಾಗಿ ಎಳೆಯಬೇಕು. ಈ ಜೋಡಿ ಹೋಸ್ ವಿನ್ಯಾಸಕ್ಕೆ ಪೇಟೆಂಟ್ ಬೇರೆ ಇತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಟೆಡ್ ಎಲ್ಡ್ರೆಡ್ ಇದಕ್ಕೆ ಬೇರೆ ದಾರಿ ಹುಡುಕಿದರು. 1952ರಲ್ಲಿ ಬಂದ ಅವರ ಪೋರ್ಪಾಯ್ಸ್ ರೆಗ್ಯುಲೇಟರ್ ಕೆಲಸವನ್ನು ಎರಡು ಹಂತಕ್ಕೆ ಹಂಚಿತು. ಸಿಲಿಂಡರ್ ಮೇಲಿನ ಮೊದಲ ಹಂತ ಒತ್ತಡವನ್ನು ಮಧ್ಯಮ ಮಟ್ಟಕ್ಕೆ ಇಳಿಸುತ್ತೆ. ಬಾಯಿ ಹತ್ತಿರದ ಎರಡನೇ ಹಂತ ಉಸಿರಿಗೆ ಬೇಕಾದಷ್ಟೇ ಕೊಡುತ್ತೆ. ಹೊರಬಿಡುವ ರಂಧ್ರವೂ ಅಲ್ಲೇ. ಮಾರ್ನ್ ನದಿಯ ಸಮಸ್ಯೆಗೆ ಇದೂ ಒಂದು ಉತ್ತರವೇ: ರಂಧ್ರವನ್ನು ಬೆನ್ನಿಗೆ ಒಯ್ಯೋ ಬದಲು ವಾಲ್ವ್ ಅನ್ನೇ ಬಾಯಿಗೆ ತಂದರು.

ಈಗಿನ ರೆಗ್ಯುಲೇಟರ್‌ಗಳಲ್ಲಿ ಮಧ್ಯದ ಹೋಸ್ ಒಳಗಿನ ಒತ್ತಡ ಸುತ್ತಲಿನ ನೀರಿಗಿಂತ ಸುಮಾರು 9ರಿಂದ 10 ಬಾರ್ ಹೆಚ್ಚು. ಹಾಗಾಗಿ ಹೋಸ್ ತೆಳ್ಳಗಿದ್ದರೂ ಸಾಕು. ಮುಖ್ಯವಾದ ಮಾತು ಅಂದ್ರೆ, ಅದೇ ಮೊದಲ ಹಂತಕ್ಕೆ ಇನ್ನೂ ಎರಡು ಮೂರು ಹೋಸ್ ತಿರುಗಿಸಿ ಜೋಡಿಸಬಹುದು. ಇಬ್ಬರ ಪ್ರಶ್ನೆಗೆ ಬಾಗಿಲು ತೆರೆದದ್ದು ಇಲ್ಲಿ.

ಇಬ್ಬರ ಉಸಿರು

ಅಲ್ಲಿವರೆಗೆ ಒಬ್ಬರ ಗಾಳಿ ಮುಗಿದರೆ ಇದ್ದ ಉಪಾಯ 'ಬಡ್ಡಿ ಬ್ರೀದಿಂಗ್'. ಸಾಲದ ಬಡ್ಡಿ ಅಲ್ಲ, ಜೊತೆಗಾರ! ಒಂದೇ ರೆಗ್ಯುಲೇಟರ್ ಅನ್ನು ಇಬ್ಬರೂ ಎರಡೆರಡು ಉಸಿರು ಎಳೆದು ಕೈ ಬದಲಾಯಿಸಬೇಕು. ಈಜುಕೊಳದಲ್ಲಿ ಚೆನ್ನಾಗೇ ನಡೆಯುತ್ತೆ. ಆದರೆ ಉಸಿರುಗಟ್ಟಿದವನು ಕೈಗೆ ಸಿಕ್ಕ ರೆಗ್ಯುಲೇಟರ್ ವಾಪಸ್ ಕೊಡ್ತಾನಾ? ಕೊಡದಿದ್ದರೆ ಇಬ್ಬರೂ ಮುಳುಗಬಹುದು. ಅದಕ್ಕೇ ಹೆಚ್ಚುವರಿ ಎರಡನೇ ಹಂತ ಬಂತು, ಅದೇ ಆ ಹಳದಿಯದ್ದು. ಅದಕ್ಕೆ ಆಕ್ಟೋಪಸ್ ಅಂತ ಹೆಸರಾಯ್ತು.

ಹೋಸ್ ಉದ್ದದ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರು ಫ್ಲೋರಿಡಾದ ಗುಹೆ ಡೈವರ್‌ಗಳು. ಅಲ್ಲಿನ ನೀರು ತುಂಬಿದ ಗುಹೆಗಳಲ್ಲಿ ಸಾವಿನ ಮೇಲೆ ಸಾವು ಆಗ್ತಿತ್ತು. ಶೆಕ್ ಎಕ್ಸ್‌ಲಿ ಅನ್ನುವ ಗಣಿತದ ಮೇಷ್ಟ್ರು ಆ ಅಪಘಾತಗಳನ್ನು ಒಂದೊಂದಾಗಿ ಬಿಡಿಸಿ ನೋಡಿ 1979ರಲ್ಲಿ ಪುಸ್ತಕ ಬರೆದರು. ನಮ್ಮ ಸಾಫ್ಟ್‌ವೇರ್‌ನಲ್ಲಿ ಸರ್ವರ್ ಬಿದ್ದ ಮೇಲೆ ಪೋಸ್ಟ್‌ಮಾರ್ಟಮ್ ಬರೀತೀವಲ್ಲ, ಅದೇ ಥರ. ವ್ಯತ್ಯಾಸ ಇಷ್ಟೇ, ಅಲ್ಲಿ ಬಿದ್ದದ್ದು ಮನುಷ್ಯರು.

ಗುಹೆಯ ಇಕ್ಕಟ್ಟಿನಲ್ಲಿ ಇಬ್ಬರು ಪಕ್ಕಪಕ್ಕ ಈಜೋಕಾಗಲ್ಲ, ಒಬ್ಬರ ಹಿಂದೆ ಒಬ್ಬರು ಬರಬೇಕು. ಅದಕ್ಕೆ ಸುಮಾರು 2.1 ಮೀಟರ್, ಅಂದ್ರೆ 7 ಅಡಿ ಹೋಸ್. ವಿಲಿಯಂ ಹೋಗಾರ್ಥ್ ಮೇನ್ ಹೆಸರಿನಿಂದ ಕರೆಯುವ ಜೋಡಣೆಯಲ್ಲಿ ಈ ಉದ್ದದ ಹೋಸ್ ಬಲಸೊಂಟದ ಕಡೆ ಇಳಿದು, ಎದೆ ದಾಟಿ, ಕತ್ತು ಸುತ್ತಿ ಡೈವರ್‌ನ ಬಾಯಿಗೇ ಬರುತ್ತೆ. ಗಿಡ್ಡ ಹೋಸ್‌ನ ಇನ್ನೊಂದು ರೆಗ್ಯುಲೇಟರ್ ಗಲ್ಲದ ಕೆಳಗೆ ಎಲಾಸ್ಟಿಕ್ ಹಾರದಲ್ಲಿ ನೇತಾಡುತ್ತೆ. ಅಪಾಯ ಬಂದರೆ ಬಾಯಲ್ಲಿರೋದನ್ನೇ ತೆಗೆದು ಕೊಡಬೇಕು. ಗಾಬರಿಯಾದವನು ಹೇಗೂ ಕೈ ಹಾಕೋದು ಅದಕ್ಕೇ. ಮೇಲಾಗಿ, ಅದು ಕೆಲಸ ಮಾಡ್ತಿದೆ ಅನ್ನೋದಕ್ಕೆ ಈಗಷ್ಟೇ ಎಳೆದ ಉಸಿರೇ ಸಾಕ್ಷಿ.

ಒಂದೇ ಸಿಲಿಂಡರ್‌ಗೆ ಬಂದರೆ

ನಾವು ಹೋಗೋದು ಗುಹೆಗಲ್ಲ, ಬಯಲು ಸಮುದ್ರಕ್ಕೆ. ಇಲ್ಲಿ ಎರಡು ದಾರಿ ಇವೆ. ಸಾಮಾನ್ಯವಾದದ್ದು: ಬಾಯಿಯ ಹೋಸ್ ಸುಮಾರು 75 ಸೆಂಟಿಮೀಟರ್, ಬಲ ಭುಜದ ಮೇಲಿಂದ. ಆಕ್ಟೋಪಸ್ ಸುಮಾರು 1 ಮೀಟರ್, ಅದೂ ಬಲದಿಂದ, ಗಲ್ಲ ಮತ್ತು ಪಕ್ಕೆಲುಬಿನ ನಡುವಿನ ತ್ರಿಕೋನದಲ್ಲಿ, ಒಂದೇ ಎಳೆತಕ್ಕೆ ಬಿಚ್ಚುವಂತೆ. ಜಾಕೆಟ್ ಮತ್ತು ಮೀಟರ್ ಹೋಸ್ ಎಡಕ್ಕೆ. ಇನ್ನೊಂದು, ಗುಹೆಯವರಿಂದ ಕಲಿತದ್ದು: ಸುಮಾರು 1.5 ಮೀಟರ್ ಹೋಸ್ ಬಲ ಕಂಕುಳ ಕೆಳಗಿಂದ ಕತ್ತು ಸುತ್ತಿ ಬಾಯಿಗೆ, ಗಿಡ್ಡದ್ದು ಗಲ್ಲದ ಕೆಳಗೆ. ಎರಡೂ ಸರಿ, ಯಾವುದನ್ನು ಕೊಡ್ತೀರಿ ಅನ್ನೋದು ಇಬ್ಬರಿಗೂ ಮೊದಲೇ ಗೊತ್ತಿರಬೇಕು, ಅಷ್ಟೇ. ಹೋಸ್ ಅತಿ ಉದ್ದವಾದರೆ ಹವಳಕ್ಕೆ ಸಿಕ್ಕಿಕೊಳ್ಳುತ್ತೆ, ಅತಿ ಗಿಡ್ಡವಾದರೆ ದವಡೆ ನೋಯುತ್ತೆ.

ಕೊನೆಯದಾಗಿ ಒಂದು ಮಾತು. ಬಾಯಿಯದ್ದು ಕೆಟ್ಟರೆ ಎದೆಯ ಮೇಲಿನ ಹಳದಿ ರೆಗ್ಯುಲೇಟರ್ ನಿಮಗೇ ಆಗುತ್ತೆ, ನಿಜ. ಆದರೆ ಸಿಲಿಂಡರ್ ಖಾಲಿಯಾದರೆ ಅದರಿಂದ ನಿಮಗೆ ಉಪಯೋಗವಿಲ್ಲ, ಅದೂ ಅದೇ ಸಿಲಿಂಡರ್‌ಗೆ ಸೇರಿದ್ದಲ್ವಾ? ಆಗ ನಿಮ್ಮನ್ನು ಉಳಿಸೋದು ಪಕ್ಕದವರ ಎದೆಯ ಮೇಲಿರೋದು. ಹಾಗಾಗಿ ಮುಂದಿನ ಸಲ ನೀರಿಗಿಳಿಯೋ ಮುಂಚೆ ಜೊತೆಗಾರರ ಹೋಸ್ ಎಲ್ಲಿದೆ ಅಂತ ಕೇಳಿ, ಒಮ್ಮೆ ಎಳೆದು ನೋಡಿ. ಒಂದು ನಿಮಿಷದ ಕೆಲಸ. ಮುಂದಿನ ವಿಡಿಯೋದಲ್ಲಿ ಸಿಗೋಣ.