ಟಿವಿ ಹೇಳಿದ್ದು, ಊರು ಕೇಳಿಸಿಕೊಂಡದ್ದು

ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಎಲ್ಲಿಗೆ? ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಪ್ರಶ್ನೆ ಕೇಳಿ ನೋಡಿ. ಬೆಂಗಳೂರು ಅಂತಾರೆ ಎಲ್ಲರೂ. ಮೈಸೂರಿನವರು ಒಬ್ಬರಿದ್ದರೆ ಮೈಸೂರು ಅಂತಾರೆ. ಎರಡೂ ಅಲ್ಲ. 1975ರ ಆಗಸ್ಟ್ 1ರಂದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿವಿ ಬಂತು. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. ರಾಜಧಾನಿಗಿಂತ ಆರು ವರ್ಷ ಮೊದಲೇ ಆ ಕಡೆಯ ಬೇಸಾಯಗಾರರು ಟಿವಿ ಮುಂದೆ ಕೂತಿದ್ದರು.

ಅದರ ಹೆಸರು ಸೈಟ್. ಸೈಟ್ ಅಂದಕೂಡಲೇ ಬೆಂಗಳೂರಿನವರಿಗೆ ಥರ್ಟಿ-ಫಾರ್ಟಿ ನೆನಪಾಗುತ್ತೆ, ಅದಲ್ಲ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಪಾಠ ಹೇಳುವ ಪ್ರಯೋಗಕ್ಕೆ ಇಸ್ರೋ ಇಟ್ಟಿದ್ದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಉಪಗ್ರಹ ನಾಸಾದ್ದು, ಎಟಿಎಸ್-6 ಅಂತ. ಒಂದು ವರ್ಷದ ಮಟ್ಟಿಗೆ ಕಡ ತಂದದ್ದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಹತ್ತು ಅಡಿ ಅಗಲದ ಆಂಟೆನಾ ಮಾಡಿ ನಿಲ್ಲಿಸಿದರು. ಬೆಳಗ್ಗೆ ಮಕ್ಕಳ ಪಾಠ, ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಹಿಂದಿ, ಒರಿಯಾ, ತೆಲುಗು, ಕನ್ನಡ ನಾಲ್ಕು ಭಾಷೆಗಳಲ್ಲಿ. ಕರಾರಿನಂತೆ 1976ರ ಜುಲೈ 31ಕ್ಕೆ ಉಪಗ್ರಹದ ಕೆಲಸ ಮುಗಿಯಿತು, ಅಮೆರಿಕದವರು ವಾಪಸ್ ತಗೊಂಡರು. ಕಡ ತಂದ ಎತ್ತನ್ನು ಮುಂಗಾರು ಮುಗಿದ ಮೇಲೆ ಹೊಡ್ಕೊಂಡು ಹೋದ ಹಾಗೆ. 1977ರಲ್ಲಿ ಗುಲ್ಬರ್ಗಕ್ಕೆ ಸ್ವಂತ ಕೇಂದ್ರ ಬಂದಮೇಲೆ ಕೆಲವು ಹಳ್ಳಿಗಳಿಗಾದರೂ ಚಿತ್ರ ಮತ್ತೆ ಬಂತು.

ಇಸವಿ ಗಮನಿಸಿ. 1975ರ ಆಗಸ್ಟ್ ಅಂದರೆ ತುರ್ತು ಪರಿಸ್ಥಿತಿ ಬಂದು ಒಂದು ತಿಂಗಳು ಚಿಲ್ಲರೆ ದಿನ. ನಮ್ಮಲ್ಲಿ ಟಿವಿ ಹಳ್ಳಿಗೆ ಕಾಲಿಟ್ಟಿದ್ದೇ ಉಪದೇಶ ಮಾಡೋದಕ್ಕೆ, ಮಾಡುತ್ತಿದ್ದದ್ದು ಸರ್ಕಾರ. ಮನರಂಜನೆ ಅನ್ನೋದು ಔಷಧಿಗೆ ಸವರಿದ ಬೆಲ್ಲ ಅಷ್ಟೇ.

ಇದೇ ಹೊತ್ತಿಗೆ ಮೆಕ್ಸಿಕೋದಲ್ಲಿ ಮಿಗೆಲ್ ಸಬಿದೋ ಎಂಬ ನಾಟಕದ ಮನುಷ್ಯ ಬೆಲ್ಲದ ಬಗ್ಗೆ ಬೇರೆ ಥರ ಯೋಚಿಸುತ್ತಿದ್ದ. ಅವನ ತಲೆ ಕೆಡಿಸಿದ್ದು 1969ರಲ್ಲಿ ಪೆರು ದೇಶದಲ್ಲಿ ಶುರುವಾದ 'ಸಿಂಪ್ಲೆಮೆಂಟೆ ಮಾರಿಯಾ' ಎಂಬ ಧಾರಾವಾಹಿ. ಹಳ್ಳಿಯಿಂದ ಪಟ್ಟಣಕ್ಕೆ ಮನೆಗೆಲಸಕ್ಕೆ ಬಂದ ಹುಡುಗಿ, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಸಿಂಗರ್ ಮೆಷಿನ್ನಿನಲ್ಲಿ ಬಟ್ಟೆ ಹೊಲಿದು ಮೇಲೆ ಬರುತ್ತಾಳೆ. ಬರೆದವರಿಗೆ ಸಮಾಜ ಸುಧಾರಣೆಯ ಉದ್ದೇಶವೇನೂ ಇರಲಿಲ್ಲ. ಆದರೆ ಧಾರಾವಾಹಿ ಹೋದಲ್ಲೆಲ್ಲ ಹೊಲಿಗೆ ಮೆಷಿನ್ ಖರ್ಚಾದವು, ಮನೆಗೆಲಸದ ಹೆಣ್ಣುಮಕ್ಕಳು ರಾತ್ರಿ ಶಾಲೆಗೆ ಸೇರಿದರು. ಮಾರಿಯಾ ತನ್ನ ಮೇಷ್ಟ್ರನ್ನೇ ಮದುವೆಯಾಗುವ ದೃಶ್ಯ ಚಿತ್ರೀಕರಣವಾದಾಗ ಲಿಮಾದ ಚರ್ಚಿನ ಹೊರಗೆ ಸಾವಿರಾರು ಜನ, ಸ್ವಂತ ಮನೆಯ ಮದುವೆಗೆ ಬಂದವರ ಹಾಗೆ.

ಉದ್ದೇಶವಿಲ್ಲದೆ ಇಷ್ಟಾದರೆ ಉದ್ದೇಶ ಇಟ್ಟುಕೊಂಡು ಮಾಡಿದರೆ? ಸಬಿದೋ ಒಂದು ಸೂತ್ರ ಕಟ್ಟಿದ. ಒಳ್ಳೆಯದಕ್ಕೆ ಒಂದು ಪಾತ್ರ, ಕೆಟ್ಟದ್ದಕ್ಕೆ ಒಂದು, ನಡುವೆ ಆ ಕಡೆಯೋ ಈ ಕಡೆಯೋ ಅಂತ ಒದ್ದಾಡುವ ಮೂರನೆಯದು. ನೋಡುವವರು ಮೂರನೆಯವರ ಜೊತೆ ನಡೆಯಬೇಕು. ಕಂತಿನ ಕೊನೆಗೆ ಹೆಸರಾಂತ ನಟರೊಬ್ಬರು ಬಂದು ಎರಡು ಮಾತು ಹೇಳಬೇಕು. ಈ ಸೂತ್ರದ ಮೇಲೆ 1975ರಲ್ಲಿ ವಯಸ್ಕರ ಶಿಕ್ಷಣದ ಬಗ್ಗೆ 'ವೆನ್ ಕೊನ್ಮಿಗೊ', 1977ರಲ್ಲಿ ಕುಟುಂಬ ಯೋಜನೆಯ ಬಗ್ಗೆ 'ಅಕೊಂಪಾನ್ಯಮೆ' ಬಂದವು. ಮೊದಲನೆಯದರಲ್ಲಿ ಓದುವ ಪುಸ್ತಕ ಪುಕ್ಕಟೆ ಸಿಗುವ ಜಾಗ ಹೇಳಿದ ಮಾರನೇ ದಿನ ಜನ ಅಲ್ಲಿಗೆ ಮುಗಿಬಿದ್ದು ಮೆಕ್ಸಿಕೋ ನಗರದಲ್ಲಿ ಟ್ರಾಫಿಕ್ಕೇ ನಿಂತುಹೋಯಿತು. (ನಮ್ಮಲ್ಲಿ ಅದಕ್ಕೆ ಧಾರಾವಾಹಿ ಬೇಕಾಗಿಲ್ಲ, ಸಿಲ್ಕ್ ಬೋರ್ಡಿನಲ್ಲಿ ದಿನಾ ಆಗುತ್ತೆ.)

ಇಂದಿರಾ ಗಾಂಧಿಯವರ ಸರ್ಕಾರಕ್ಕೆ ಈ ಸೂತ್ರ ಹಿಡಿಸಿತು. ವಾರ್ತಾ ಇಲಾಖೆಯ ಕಾರ್ಯದರ್ಶಿಯಾಗಿದ್ದ ಎಸ್.ಎಸ್. ಗಿಲ್ ಮೆಕ್ಸಿಕೋಗೆ ಹೋಗಿ ನೋಡಿ ಬಂದರು. ಹಿಂದಿ ಕಾದಂಬರಿಕಾರ ಮನೋಹರ ಶ್ಯಾಮ ಜೋಶಿ ಬರೆಯಲು ಕೂತರು. 1984ರ ಜುಲೈ 7ರಂದು 'ಹಮ್ ಲೋಗ್' ಶುರುವಾಯಿತು. ಉಪದೇಶ ಸರ್ಕಾರದ್ದು, ಕತೆ ಜೋಶಿಯವರದ್ದು, ದುಡ್ಡು ಮ್ಯಾಗಿ ನೂಡಲ್ಸ್‌ನದ್ದು. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಮ್ಯಾಗಿ ನಮ್ಮ ಅಡುಗೆಮನೆಗೆ ಹೊಕ್ಕಿದ್ದು ಕುಟುಂಬ ಯೋಜನೆಯ ಹೆಗಲ ಮೇಲೆ ಕೂತು ಅಂದರೆ ನಗಬೇಡಿ, ನಡೆದದ್ದು ಹಾಗೇ.

ನಾನು ದಿನಾ ಸಾಫ್ಟ್‌ವೇರ್ ಬರೆಯೋನು. ನಮ್ಮಲ್ಲೂ ಹೀಗೇ ಅಲ್ವಾ? ಏನು ಬೇಕು ಅಂತ ಒಬ್ಬರು ಬರೆದುಕೊಡ್ತಾರೆ, ಮಾಡೋರು ಇನ್ನೊಬ್ಬರು, ದುಡ್ಡು ಕೊಡೋರು ಮತ್ತೊಬ್ಬರು, ಕೊನೆಗೆ ಬಳಸೋರು ಯಾರೂ ಅಂದುಕೊಳ್ಳದ ಕೆಲಸಕ್ಕೆ ಬಳಸ್ತಾರೆ. 'ಹಮ್ ಲೋಗ್'ಗೂ ಅದೇ ಆಯಿತು.

ಮೊದಲ ಹದಿಮೂರು ಕಂತು ಕುಟುಂಬ ಯೋಜನೆಯ ಪಾಠವೇ ಜಾಸ್ತಿಯಾಗಿ ಜನ ಆಕಳಿಸಿದರು. ತುರ್ತು ಪರಿಸ್ಥಿತಿಯಲ್ಲಿ ಹಿಡಿದುಕೊಂಡು ಹೋಗಿ ಆಪರೇಷನ್ ಮಾಡಿಸಿದ್ದು ಉತ್ತರ ಭಾರತದವರಿಗೆ ಇನ್ನೂ ಮರೆತಿರಲಿಲ್ಲ, ಸರ್ಕಾರಿ ಪೆಟ್ಟಿಗೆಯಿಂದ ಅದೇ ಮಾತು ಬಂದಾಗ ಯಾರು ಕಿವಿಗೆ ಹಾಕಿಕೊಳ್ತಾರೆ ಅನ್ನೋದು ನನ್ನ ಊಹೆ. ಜೋಶಿಯವರು ಆ ಪಾಠವನ್ನು ಹಿಂದಕ್ಕೆ ಸರಿಸಿ, ಸಂಸಾರವನ್ನು ಮುಂದಕ್ಕೆ ತಂದರು. ಕುಡುಕ ಅಪ್ಪ ಬಸೇಸರ್ ರಾಮ್, ಎಲ್ಲ ಸಹಿಸುವ ಅಮ್ಮ ಭಗವಂತಿ, ಕೆಲಸ ಸಿಗದ ಲಲ್ಲೂ, ಸಂಭಾವಿತೆ ಬಡ್ಕಿ, ನಟಿಯಾಗುವ ಆಸೆಯಿಂದ ಬೊಂಬಾಯಿಗೆ ಹೋಗಿ ಪೆಟ್ಟು ತಿನ್ನುವ ಮಝ್ಲಿ, ಡಾಕ್ಟರಾಗಬೇಕು ಅನ್ನೋ ಛುಟ್ಕಿ. ಕೊನೆಗೆ ಅಶೋಕ್ ಕುಮಾರ್ ಬಂದು ಬುದ್ಧಿಮಾತು ಹೇಳಿ ಹೋಗೋದು. 1985ರ ಡಿಸೆಂಬರ್‌ವರೆಗೆ ನೂರೈವತ್ತಕ್ಕೂ ಹೆಚ್ಚು ಕಂತು, ಲಕ್ಷಗಟ್ಟಲೆ ಪತ್ರ. ದಕ್ಷಿಣದಲ್ಲಿ ಅಷ್ಟು ಓಡಲಿಲ್ಲ, ಹಿಂದಿ ಅಡ್ಡ ಬಂತು. ಈ ಮಾತು ನೆನಪಿಟ್ಟುಕೊಳ್ಳಿ.

ನನಗೆ ಮುಖ್ಯ ಅನ್ನಿಸೋದು ಭಗವಂತಿ. ಸೂತ್ರದ ಪ್ರಕಾರ ಆಕೆ ಆಗಬಾರದ ಮಾದರಿ. ಗಂಡ ಕುಡಿದು ಬಂದು ಬೈದರೂ, ಅತ್ತೆ ಚುಚ್ಚಿದರೂ ಬಾಯಿ ಬಿಡದೆ ದುಡಿಯುವ ಹೆಂಗಸು. ಅವಳನ್ನು ನೋಡಿ 'ಹೀಗೆ ಬದುಕಬಾರದು' ಅಂತ ಹೆಣ್ಣುಮಕ್ಕಳಿಗೆ ಅನ್ನಿಸಬೇಕಿತ್ತು. ಅರವಿಂದ್ ಸಿಂಘಾಲ್ ಮತ್ತು ಎವರೆಟ್ ರೋಜರ್ಸ್ ಎಂಬ ಸಂಶೋಧಕರು ವಿಚಾರಿಸಿದಾಗ ಕಂಡದ್ದು ಉಲ್ಟಾ. ಎಷ್ಟೋ ಹೆಂಗಸರಿಗೆ ಭಗವಂತಿಯೇ ಆದರ್ಶ. ಎಷ್ಟು ತಾಳ್ಮೆ, ಸೊಸೆ ಅಂದರೆ ಹೀಗಿರಬೇಕು! ಎಚ್ಚರಿಕೆಯ ಬೋರ್ಡನ್ನು ಜನ ದಾರಿಯ ಬೋರ್ಡು ಅಂದುಕೊಂಡು ಅದೇ ಕಡೆ ನಡೆದರು.

ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. ಅಮೆರಿಕದಲ್ಲಿ 1971ರಲ್ಲಿ ನಾರ್ಮನ್ ಲಿಯರ್ 'ಆಲ್ ಇನ್ ದ ಫ್ಯಾಮಿಲಿ' ಶುರು ಮಾಡಿದರು. ಅದರ ಆರ್ಚೀ ಬಂಕರ್‌ಗೆ ಕರಿಯರು, ಯಹೂದಿಗಳು, ಹೆಂಗಸರ ಹಕ್ಕು ಯಾವುದೂ ಆಗದು. ಮನೆಯಲ್ಲೇ ಇರುವ ಅಳಿಯನ ಜೊತೆ ದಿನಾ ಜಗಳ. ಇಂಥವರನ್ನು ನೋಡಿ ನಗಲಿ, ನಕ್ಕು ತಮ್ಮನ್ನು ತಾವು ನೋಡಿಕೊಳ್ಳಲಿ ಅನ್ನೋದು ಲೆಕ್ಕ. 1974ರಲ್ಲಿ ವಿಡ್ಮಾರ್ ಮತ್ತು ರೋಕೀಚ್ ಎಂಬಿಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಜನಾಂಗದ್ವೇಷ ಕಡಿಮೆ ಇದ್ದವರು ಆರ್ಚೀಯನ್ನು ನೋಡಿ ನಗುತ್ತಿದ್ದರು. ದ್ವೇಷ ಜಾಸ್ತಿ ಇದ್ದವರು ಆರ್ಚೀ ಜೊತೆ ಸೇರಿ ನಗುತ್ತಿದ್ದರು, ಜಗಳದಲ್ಲಿ ಗೆದ್ದವನೂ ಅವರ ಕಣ್ಣಿಗೆ ಆರ್ಚೀಯೇ. ನಗು ಒಂದೇ, ಅದರಿಂದ ಎದ್ದುಹೋದ ಮಾತು ಎರಡು.

ಹಾಗಂತ ಎಲ್ಲ ಹೇಳಿಕೆಗಳೂ ಹೀಗೆ ತಿರುಗುಮುರುಗು ಆಗೋದಿಲ್ಲ. 1985ರ 'ರಜನಿ' ನೋಡಿ. ಬಾಸು ಚಟರ್ಜಿ ನಿರ್ದೇಶನ, ಪ್ರಿಯಾ ತೆಂಡೂಲ್ಕರ್ ಗೃಹಿಣಿ. ಗ್ಯಾಸ್ ಸಿಲಿಂಡರ್ ಕೊಡೋರು ಆಡಿಸಿದರೆ, ಟ್ಯಾಕ್ಸಿಯವರು ಕರೆದ ಕಡೆ ಬರದಿದ್ದರೆ, ಈಕೆ ಸೆರಗು ಸಿಕ್ಕಿಸಿ ನಿಂತುಬಿಡೋಳು. ಇಲ್ಲಿ ಅರ್ಥವಾಗದೇ ಇರೋಕೆ ಏನೂ ಇಲ್ಲ. ಯಾರಿಗೆ ತಾಗಬೇಕೋ ಅವರಿಗೇ ತಾಗಿತು, ಟ್ಯಾಕ್ಸಿ ಚಾಲಕರು ಪ್ರತಿಭಟನೆಗೇ ಇಳಿದರು. ಮರುವರ್ಷ ಗ್ರಾಹಕರ ರಕ್ಷಣಾ ಕಾಯ್ದೆ ಬಂತು. ರಜನಿಯಿಂದಲೇ ಬಂತು ಅಂತ ನಾನು ಹೇಳೋದಿಲ್ಲ, ಆದರೆ ಇಬ್ಬರೂ ಒಂದೇ ಗಾಳಿ ಉಸಿರಾಡುತ್ತಿದ್ದರು.

1988ರ ಜನವರಿಯಲ್ಲಿ ಬಂದ 'ತಮಸ್' ಇನ್ನೊಂದು ಬಗೆ. ಭೀಷ್ಮ ಸಾಹನಿಯವರ ವಿಭಜನೆಯ ಕಾದಂಬರಿಯನ್ನು ಗೋವಿಂದ ನಿಹಲಾನಿ ತೆರೆಗೆ ತಂದಿದ್ದರು. ಕೋಮುಗಳ ನಡುವೆ ದ್ವೇಷ ಹಬ್ಬುತ್ತೆ ಅಂತ ಒಬ್ಬರು ಬೊಂಬಾಯಿ ಹೈಕೋರ್ಟಿಗೆ ಹೋದರು, ತಡೆ ಸಿಕ್ಕಿತು. ನ್ಯಾಯಮೂರ್ತಿ ಲೆಂಟಿನ್ ಮತ್ತು ಸುಜಾತಾ ಮನೋಹರ್ ಧಾರಾವಾಹಿಯನ್ನು ಪೂರ್ತಿ ಕೂತು ನೋಡಿ ತಡೆ ತೆಗೆದರು. ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನೋಡಿಯೇ ತೀರ್ಪು ಕೊಟ್ಟರು ಅನ್ನೋದು ಇವತ್ತಿನ ದಿನದಲ್ಲಿ ದೊಡ್ಡ ವಿಷಯ ಅನ್ನಿಸುತ್ತೆ ನನಗೆ.

ನಮ್ಮ ತಿಪಟೂರು ಸೀಮೆಯ ಹಳ್ಳಿಗೆ ಇವೆಲ್ಲ ಬರಲೇ ಇಲ್ಲ ಅಂದರೂ ಸರಿ. ರಾಮಾಯಣಕ್ಕೆ ಹಿಂದಿ ಬೇಕಿರಲಿಲ್ಲ, ಕತೆ ಗೊತ್ತಿತ್ತು. ಉಳಿದದ್ದಕ್ಕೆ ಬೇಕಿತ್ತು. ನಮ್ಮೂರಿಗೆ ಅರ್ಥವಾಗುವ ಮಾತಿನಲ್ಲಿ ಟಿವಿ ಏನನ್ನಾದರೂ ಹೇಳಿದ್ದು 1998ರಲ್ಲಿ, ಚಂದನದಲ್ಲಿ 'ಮಾಯಾಮೃಗ' ಬಂದಾಗ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರ ಧಾರಾವಾಹಿ. ಸಂಜೆ ನಾಲ್ಕೂವರೆ, ಹಸು ಕರೆದು ಡೈರಿಗೆ ಹಾಲು ಹಾಕುವ ಮುಂಚಿನ ಹೊತ್ತು. ಕರೆಂಟ್ ಇದ್ದರೆ ಟಿವಿ ಇದ್ದ ಮನೆಯ ಪಡಸಾಲೆ ತುಂಬುತ್ತಿತ್ತು. ಕೊಬ್ಬರಿ ಸುಲಿಯೋರು, ಅವರೆಕಾಯಿ ಬಿಡಿಸೋರು, ಕೈಗೆ ಕೆಲಸ ಇಲ್ಲದೆ ಕೂತೋರು ಯಾರೂ ಇಲ್ಲ. ಮುಗಿದ ಮೇಲೆ ಶುರುವಾಗುವ ವಾದವೇ ಧಾರಾವಾಹಿಗಿಂತ ಉದ್ದ. ನಮ್ಮಜ್ಜಿ ಯಾವಾಗಲೂ ಎದುರು ಮಾತಾಡದ ಸೊಸೆಯಂದಿರ ಪಕ್ಷ. 'ಹಮ್ ಲೋಗ್' ಹೆಸರೂ ಕೇಳದ ನಮ್ಮಜ್ಜಿ ಭಗವಂತಿಯ ಕಡೆಯವಳೇ. ಚಿಕ್ಕಮ್ಮ ಮಾತ್ರ ಕಪ್ಪು ಕೋಟಿನ ವಕೀಲರ ಕಡೆ. ಕೋರ್ಟಿನಲ್ಲಿ ಸಾಕ್ಷಿಯನ್ನು ಪ್ರಶ್ನೆ ಕೇಳಿ ಕೇಳಿ ಬಾಯಿ ಬಿಡಿಸೋದು ಸೀತಾರಾಮ್ ಅವರ ಧಾರಾವಾಹಿಗಳ ಗುರುತು. ಚಿಕ್ಕಪ್ಪ ಸಂತೆಯ ಲೆಕ್ಕ ಒಪ್ಪಿಸುವಾಗ ಅದೇ ವರಸೆಯಲ್ಲಿ ಪ್ರಶ್ನೆ ಬೀಳೋಕೆ ಶುರುವಾಯಿತು. ಸಾಮಾಜಿಕ ಪರಿಣಾಮ ಅನ್ನೋದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ.

ಇನ್ನು 2012ರ ಮೇ 6. ಆಮಿರ್ ಖಾನ್ ಅವರ 'ಸತ್ಯಮೇವ ಜಯತೆ'ಯ ಮೊದಲ ಕಂತು, ವಿಷಯ ಹೆಣ್ಣು ಭ್ರೂಣಹತ್ಯೆ. ತಮಿಳು, ತೆಲುಗು, ಮಲಯಾಳಂಗಳಲ್ಲಿ ಡಬ್ ಆಗಿ ಬಂತು. ಕನ್ನಡದಲ್ಲೂ ಬರಬೇಕಿತ್ತು. ಇಲ್ಲಿನ ಚಿತ್ರೋದ್ಯಮ ಡಬ್ಬಿಂಗ್ ಕೂಡದು ಅಂತ ಅಡ್ಡ ನಿಂತಿತು, ಬರಲಿಲ್ಲ. ಅರವತ್ತರ ದಶಕದಲ್ಲಿ ಡಬ್ಬಿಂಗ್ ವಿರೋಧಕ್ಕೆ ಕಾರಣವಿತ್ತು. ಕನ್ನಡ ಸಿನಿಮಾ ಇನ್ನೂ ಕಾಲೂರುತ್ತಿದ್ದ ಕಾಲ ಅದು, ಅನಕೃ ಅಂಥವರು ಬೀದಿಗಿಳಿದದ್ದು ಭಾಷೆ ಉಳಿಸಲು. ಆದರೆ 2012ರಲ್ಲಿ ಅದೇ ಬೇಲಿ ಒಳಗಿದ್ದವರಿಗೇ ಕಟ್ಟಿದ ಹಾಗಾಯಿತು. ಕನ್ನಡ ಬಿಟ್ಟು ಬೇರೆ ಬಾರದವರಿಗೆ ಮಾತ್ರ ಆ ಕಾರ್ಯಕ್ರಮ ಇಲ್ಲ! ಹೀಗೆ ತಡೆಯೋದು ತಪ್ಪು ಅಂತ ಸ್ಪರ್ಧಾ ಆಯೋಗ ಹೇಳಿ ದಂಡ ಹಾಕಿದ್ದು 2015ರಲ್ಲಿ.

ಆ ಭಾನುವಾರ ನಾನು ಊರಲ್ಲಿದ್ದೆ. ದೂರದರ್ಶನದಲ್ಲಿ ಹಿಂದಿಯಲ್ಲೇ ಬರುತ್ತಿತ್ತು. ಅವ್ವ ರಾಗಿ ಹಸನು ಮಾಡುತ್ತಾ ಮೊರದಿಂದ ತಲೆ ಎತ್ತಿ ಕೇಳಿದಳು, "ಆಯಮ್ಮ ಯಾಕ್ಲಾ ಅಳ್ತಾವಳೆ?"

ಹೇಳಿದೆ. ಹೊಟ್ಟೆಯಲ್ಲಿರೋದು ಹೆಣ್ಣು ಅಂತ ಗೊತ್ತಾದ ಮೇಲೆ ಗಂಡನ ಮನೆಯವರು ತೆಗೆಸಿದರಂತೆ, ಒಂದು ಸಲ ಅಲ್ಲ, ಮತ್ತೆ ಮತ್ತೆ. ಇದೆಲ್ಲ ಆ ಕಡೆ, ಉತ್ತರದಲ್ಲಿ ಜಾಸ್ತಿ ಅಂತಲೂ ಸೇರಿಸಿದೆ.

ಅವ್ವ ಮೊರ ಕೆಳಗಿಟ್ಟಳು. ಬೀದಿಯ ತುದಿಯ ಒಂದು ಮನೆಯ ಕಡೆ ಕತ್ತು ಹೊರಳಿಸಿ, ದನಿ ತಗ್ಗಿಸಿ ಅಂದಳು: "ಆ ಮನೆ ಸೊಸೆ ಎರಡು ಸಲ ಹೊಟ್ಟೆನೋವು ಅಂತ ಬೆಂಗಳೂರಿಗೆ ಹೋಗಿ ಬಂದ್ಲಲ್ಲ, ನಿಮ್ಮಪ್ಪನೇ ಬಸ್ ಹತ್ತಿಸಿದ್ದು. ಏನಂದ್ಕೊಂಡಿದ್ದೆ ನೀನು?"